ಎರಡು ಕರಟ, ಒಂದು ಗೋಟಡಿಕೆ, ಒಂದು ಪಾಟಿ: ಮಾಹಿತಿಯಿಂದ ಕೆಲಸ ತೆಗೆಯುವ ಲೆಕ್ಕವನ್ನು ಜಗುಲಿಯಲ್ಲಿ ಮಾಡುವುದು ಹೇಗೆ

ಇದಕ್ಕೆ ಇಬ್ಬರು ಬೇಕು. ಒಬ್ಬರೇ ಕೂತರೆ ಆಗುವುದಿಲ್ಲ. ಯಾವ ಕರಟದ ಕೆಳಗೆ ಅಡಿಕೆ ಇದೆ ಅಂತ ಇಟ್ಟ ಕೈಗೆ ಮೊದಲೇ ಗೊತ್ತಿರುತ್ತದೆ, ಆಮೇಲೆ ಲೆಕ್ಕ ಪೂರ್ತಿ ಸುಳ್ಳಾಗುತ್ತದೆ.

ನಾನು ಕುಮಟಾದಲ್ಲಿ ಬಿಎಸ್ಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿತ್ತು. ಅಣ್ಣನ ಮಗ ಜಗುಲಿಯಲ್ಲಿ ಥರ್ಮೋಡೈನಮಿಕ್ಸ್ ಪುಸ್ತಕ ಮಡಚಿಟ್ಟು, "ಅತ್ತೆ, ಎಂಟ್ರೋಪಿ ಅಂದ್ರೆ ಸೂತ್ರ ಬಿಟ್ಟು ಬೇರೆ ಏನಾದ್ರೂ ಇದ್ಯಾ?" ಅಂತ ಕೇಳಿದ. ಎಂಟ್ರೋಪಿ ಅಂದರೆ ಅಣುಗಳು ಎಲ್ಲಿ, ಹೇಗಿವೆ ಅಂತ ನಮಗೆ ಎಷ್ಟು ಗೊತ್ತಿಲ್ಲವೋ ಅದರ ಅಳತೆ. ಅವತ್ತು ಕೈಗೆ ಸಿಕ್ಕ ಸಾಮಾನಲ್ಲಿ ಶುರು ಮಾಡಿದ ಆಟ ಇದು. ಈಗ ನನ್ನ ಕ್ಲಾಸಿನ ಮಕ್ಕಳೆಲ್ಲ ಆಡುತ್ತಾರೆ. ಒಂದು ಸಂಜೆ ಸಾಕು.

ಬೇಕಾದದ್ದು ಇಷ್ಟು. ಎರಡು ಕರಟ, ಒಂದು ಗೋಟಡಿಕೆ, ಒಂದು ರೂಪಾಯಿ ನಾಣ್ಯ, ಒಂದೇ ಅಳತೆಯ ಹತ್ತು ಚೀಟಿ, ಅದರಲ್ಲಿ ಒಂದಕ್ಕೆ ಕುಂಕುಮದ ಗುರುತು. ಮತ್ತೆ ಒಂದು ಪಾಟಿ, ಬಳಪ, ಒದ್ದೆ ಬಟ್ಟೆ, ಲೆಕ್ಕ ಬರೆಯಲು ಒಂದು ನೋಟ್‌ಬುಕ್. ಪಾಟಿಯ ಬದಲು ಕಾಗದ ಸಾಕಲ್ವಾ ಅಂತ ಮಕ್ಕಳು ಕೇಳುತ್ತಾರೆ. ಸಾಲದು. ಕಾಗದವಾದರೆ ಹೊಸ ಹಾಳೆ ತಿರುವಿ ಮುಂದೆ ಹೋಗಿಬಿಡುತ್ತೀರಿ. ಪಾಟಿಯನ್ನು ಒರೆಸಲೇಬೇಕು. ಆ ಒರೆಸುವ ಕೆಲಸದಲ್ಲೇ ಅರ್ಧ ವಿಷಯ ಇದೆ.

ಏನನ್ನು ಆಡುತ್ತಿದ್ದೇವೆ ಅಂತ ಮೊದಲು ಹೇಳುತ್ತೇನೆ. 1867ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ತನ್ನ ಗೆಳೆಯ ಟೇಟ್‌ಗೆ ಬರೆದ ಪತ್ರದಲ್ಲಿ ಒಂದು ಪ್ರಶ್ನೆ ಎತ್ತಿದ್ದ. ಅಣುಗಳನ್ನು ಒಂದೊಂದಾಗಿ ನೋಡಬಲ್ಲ ಒಬ್ಬ ಚುರುಕು ಕಾವಲುಗಾರ ಇದ್ದರೆ, ವೇಗದ ಅಣುಗಳನ್ನು ಒಂದು ಕಡೆ, ನಿಧಾನದ್ದನ್ನು ಇನ್ನೊಂದು ಕಡೆ ಬಿಟ್ಟು, ಸುಮ್ನೆ ನಡುವಿನ ಬಾಗಿಲು ತೆರೆದು ಮುಚ್ಚುತ್ತಲೇ ಬಿಸಿ ತಣ್ಣನೆ ಬೇರೆ ಮಾಡಬಹುದಲ್ಲ? ಖರ್ಚಿಲ್ಲದೆ ಹಾಗೆ ಆಗುವುದಿಲ್ಲ ಅನ್ನುತ್ತದೆ ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮ. 1929ರಲ್ಲಿ ಲಿಯೋ ಸಿಲಾರ್ಡ್ ಇದನ್ನು ಒಂದೇ ಒಂದು ಅಣುವಿಗೆ ಇಳಿಸಿದ. ಒಂದು ಪೆಟ್ಟಿಗೆ, ಒಳಗೆ ಒಂದು ಅಣು. ನಡುವೆ ಗೋಡೆ ಇಳಿಸಿ. ಅಣು ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ. ಎಡಕ್ಕಿದ್ದರೆ ಅದು ಗೋಡೆಯನ್ನು ಬಲಕ್ಕೆ ದೂಡುತ್ತದೆ, ಆ ದೂಡುವಿಕೆಗೆ ಒಂದು ಸಣ್ಣ ತೂಕ ಕಟ್ಟಿದರೆ ತೂಕ ಮೇಲೇಳುತ್ತದೆ. ಶಕ್ತಿ ಬಂದದ್ದು ಸುತ್ತಲಿನ ಬಿಸಿಯಿಂದ. ಹೀಗೆ ಸಿಗುವ ಕೆಲಸ ಹೆಚ್ಚೆಂದರೆ ಕೆಟಿ ಗುಣಿಸು 0.69. ಇಲ್ಲಿ ಕೆ ಅಂದರೆ ಬೋಲ್ಟ್ಸ್‌ಮನ್ ಸ್ಥಿರಾಂಕ, ಟಿ ಅಂದರೆ ಕೆಲ್ವಿನ್‌ನಲ್ಲಿ ತಾಪಮಾನ, 0.69 ಅಂದರೆ 2ರ ನ್ಯಾಚುರಲ್ ಲಾಗ್, ಇನ್ನೂ ನಿಖರವಾಗಿ 0.693. ನಮ್ಮ ಕರಾವಳಿಯ ಹವೆಗೆ 300 ಕೆಲ್ವಿನ್ ಅಂತ ಇಟ್ಟುಕೊಂಡರೆ ಕೆಟಿ ಸುಮಾರು 4.14 × 10⁻²¹ ಜೂಲ್. ಆಟದಲ್ಲಿ ಈ ಕೆಟಿಯೇ ನಮ್ಮ ರೂಪಾಯಿ. ಎಲ್ಲ ಲೆಕ್ಕ ಅದರಲ್ಲೇ.

ಈಗ ಆಡಿ. ಎರಡು ಕರಟ ಅಂದರೆ ಪೆಟ್ಟಿಗೆಯ ಎಡ ಬಲ ಅರ್ಧಗಳು, ಅಡಿಕೆ ಅಂದರೆ ಅಣು, ಪಾಟಿ ಅಂದರೆ ನೋಡಿದವರ ನೆನಪು. ಎದುರು ಕೂತವರು ನಿಮಗೆ ಕಾಣದ ಹಾಗೆ ನಾಣ್ಯ ಹಾರಿಸಲಿ. ರಾಜ ಬಿದ್ದರೆ ಎಡ ಕರಟದ ಕೆಳಗೆ, ರಾಣಿ ಬಿದ್ದರೆ ಬಲ ಕರಟದ ಕೆಳಗೆ ಅಡಿಕೆ. ಆಮೇಲೆ ಅವರು "ಎಡ" ಅಥವಾ "ಬಲ" ಅಂತ ನಿಮಗೆ ಹೇಳಬೇಕು. ನೀವು ಪಾಟಿಯ ಮೇಲೆ ಒಂದಕ್ಷರ ಬರೆಯಿರಿ, "ಎ" ಅಥವಾ "ಬ". ಬರೆದದ್ದನ್ನು ನೋಡಿ ಗೋಡೆ ಯಾವ ಕಡೆ ಸರಿಯಬೇಕು ಅಂತ ತೀರ್ಮಾನಿಸಿ. ಕರಟ ಎತ್ತಿ. ಸರಿ ಇದ್ದರೆ ಜಮೆ 0.69.

ಮೊದಲ ಹತ್ತು ಸುತ್ತು ಚೀಟಿ ಇಲ್ಲದೆ ಆಡಿ. ಎದುರಿನವರು ಪ್ರತಿ ಸಲ ನಿಜವನ್ನೇ ಹೇಳಲಿ. ಹತ್ತು ಸುತ್ತಿಗೆ 6.93 ಜಮೆ ಆಗುತ್ತದೆ. ಅಣ್ಣನ ಮಗ ಇಲ್ಲಿ ಕುಣಿದಾಡಿದ. "ಇದು ಸುಮ್ನೆ ಸಿಕ್ಕ ದುಡ್ಡಲ್ವಾ ಅತ್ತೆ!"

ಆಗ ಪಾಟಿ ತೋರಿಸಿದೆ. ಆಟದ ನಿಯಮ ಒಂದಿದೆ: ಪಾಟಿಯಲ್ಲಿ ಒಂದಕ್ಷರಕ್ಕೆ ಮಾತ್ರ ಜಾಗ, ಪ್ರತಿ ಸುತ್ತು ಖಾಲಿ ಪಾಟಿಯಿಂದಲೇ ಶುರುವಾಗಬೇಕು. ಹಾಗಾದರೆ ಪ್ರತಿ ಸುತ್ತಿಗೂ ಒಮ್ಮೆ ಒರೆಸಬೇಕು. ಒಮ್ಮೆ ಒರೆಸಿದರೆ ಕಡಿಮೆ ಅಂದರೂ 0.69 ಖರ್ಚು. ಹತ್ತು ಸಲಕ್ಕೆ 6.93. ಜಮೆ ಖರ್ಚು ಸರಿಸಮ, ಉಳಿದದ್ದು ಸೊನ್ನೆ.

ಒರೆಸಲು ಯಾಕೆ ಖರ್ಚು? ಇಲ್ಲಿ ಅವಸರ ಮಾಡಬೇಡಿ. ಕೈ ನೋವಿನ ವಿಷಯ ಅಲ್ಲ ಇದು, ಬಟ್ಟೆ ತಿಕ್ಕುವ ಘರ್ಷಣೆಯೂ ಅಲ್ಲ. ಪಾಟಿಯ ಬದಲು ಇನ್ನೊಂದು ಪುಟ್ಟ ಪೆಟ್ಟಿಗೆ, ಅದರಲ್ಲೂ ಒಂದೇ ಅಣು ಅಂತ ಊಹಿಸಿ. ಅಣು ಎಡಕ್ಕಿದ್ದರೆ "ಎ", ಬಲಕ್ಕಿದ್ದರೆ "ಬ". ಈ ನೆನಪನ್ನು ಅಳಿಸುವುದು ಅಂದರೆ, ಅಣು ಎಲ್ಲೇ ಇದ್ದಿರಲಿ, ಕೊನೆಗೆ ಅದನ್ನು ಎಡಕ್ಕೇ ತಂದು ನಿಲ್ಲಿಸುವುದು. ಹೇಗೆ ತರುತ್ತೀರಿ? ನಡುವಿನ ಗೋಡೆ ತೆಗೆಯಿರಿ, ಬಲದಿಂದ ನಿಧಾನಕ್ಕೆ ಒತ್ತಿ ಅರ್ಧ ಜಾಗಕ್ಕೆ ಇಳಿಸಿ. ಆ ಒತ್ತುವ ಕೆಲಸ ಸರಿಯಾಗಿ 0.69 ಕೆಟಿ, ಅಷ್ಟೂ ಬಿಸಿಯಾಗಿ ಹೊರಗೆ ಹೋಗುತ್ತದೆ. ಮೊದಲ ಪೆಟ್ಟಿಗೆಯಲ್ಲಿ ಹಿಗ್ಗಿಸಿ ಗಳಿಸಿದ್ದನ್ನು ಎರಡನೇ ಪೆಟ್ಟಿಗೆಯಲ್ಲಿ ಕುಗ್ಗಿಸಿ ಕೊಟ್ಟ ಹಾಗಾಯಿತು. 1961ರಲ್ಲಿ ಐಬಿಎಂನ ರೋಲ್ಫ್ ಲ್ಯಾಂಡವರ್ ಕಂಡುಕೊಂಡದ್ದು ಇದನ್ನೇ. ಒಂದು ಬಿಟ್, ಅಂದರೆ "ಎ" ಅಥವಾ "ಬ" ಅನ್ನುವಂಥ ಎರಡರಲ್ಲೊಂದು ಸುದ್ದಿ, ಅಳಿಸಿದರೆ 300 ಕೆಲ್ವಿನ್‌ನಲ್ಲಿ ಕನಿಷ್ಠ 2.87 × 10⁻²¹ ಜೂಲ್ ಬಿಸಿ ಹೊರಬೀಳುತ್ತದೆ.

ನಾನು ಶುರುವಿನ ಕೆಲವು ವರ್ಷ ಈ ಜಾಗದಲ್ಲಿ ಮಕ್ಕಳಿಗೆ ತಪ್ಪು ಹೇಳಿಕೊಟ್ಟಿದ್ದೇನೆ. ನೋಡುವುದಕ್ಕೇ ಖರ್ಚು, ಬೆಳಕು ಹಾಯಿಸಿದರೆ ತಾನೇ ಅಣು ಕಾಣುವುದು, ಆ ಬೆಳಕಿನ ಶಕ್ತಿಯೇ ಲೆಕ್ಕ ಸರಿಮಾಡುತ್ತದೆ ಅಂತ ಹೇಳುತ್ತಿದ್ದೆ. 1951ರಲ್ಲಿ ಬ್ರಿಲ್ವಾಂ ಹಾಗೆ ವಾದಿಸಿದ್ದು ನಿಜ. ಆದರೆ ನೋಡುವುದಕ್ಕೆ ಕನಿಷ್ಠ ಖರ್ಚು ಅಂತ ಇರಲೇಬೇಕಾಗಿಲ್ಲ, ತಪ್ಪಿಸಲಾಗದ ಖರ್ಚು ಇರುವುದು ನೆನಪನ್ನು ಖಾಲಿ ಮಾಡುವಲ್ಲಿ ಅಂತ ಚಾರ್ಲ್ಸ್ ಬೆನೆಟ್ 1982ರಲ್ಲಿ ತೋರಿಸಿಕೊಟ್ಟ. ಆ ವರ್ಷಗಳ ಮಕ್ಕಳು ಎಲ್ಲಾದರೂ ಸಿಕ್ಕರೆ ಈಗಲೂ ಇದನ್ನು ತಿದ್ದಿ ಹೇಳುತ್ತೇನೆ.

ಈಗ ನಿಜವಾದ ಆಟ. ಕುಂಕುಮದ ಚೀಟಿ ಸೇರಿಸಿ ಹತ್ತೂ ಚೀಟಿಗಳನ್ನು ಒಂದು ಲೋಟಕ್ಕೆ ಹಾಕಿ. ಎದುರಿನವರು ಪ್ರತಿ ಸಲ ಒಂದು ಚೀಟಿ ಎತ್ತಿ ತಾವು ಮಾತ್ರ ನೋಡಲಿ. ಖಾಲಿ ಚೀಟಿ ಬಂದರೆ ನಿಜ, ಕೆಂಪು ಬಂದರೆ ಸುಳ್ಳು. ಚೀಟಿ ವಾಪಸ್ ಲೋಟಕ್ಕೆ. ಈಗ ನಿಮಗೆ ಬರುವ ಸುದ್ದಿ ಹತ್ತರಲ್ಲಿ ಒಂಬತ್ತು ಪಾಲು ನಂಬಿಕೆಯದ್ದು. ನಿಜವಾದ ಯಾವ ಅಳತೆಯೂ ಹೀಗೇ ಅಲ್ವಾ, ಪೂರ್ತಿ ಸರಿ ಅನ್ನುವುದು ಎಲ್ಲಿದೆ?

ಇಲ್ಲಿ ಒಂದು ಹೊಸ ತೀರ್ಮಾನ ಬರುತ್ತದೆ: ಗೋಡೆಯನ್ನು ಎಷ್ಟು ದೂರ ಬಿಡುವುದು? ನೆಲದ ಮೇಲೆ ಬಳಪದಿಂದ ಹತ್ತು ಮನೆಯ ಒಂದು ಪಟ್ಟಿ ಎಳೆಯಿರಿ. ಗೋಡೆ ಈಗ 5ರಲ್ಲಿದೆ. ಅಡಿಕೆ ಇದೆ ಅಂತ ನೀವು ನಂಬಿದ ಬದಿಯಿಂದ ಮನೆ ಎಣಿಸಿ. ಕರಟ ಎತ್ತುವ ಮೊದಲೇ ಗೋಡೆ ಎಲ್ಲಿಗೆ ಹೋಗಬೇಕು ಅಂತ ಗಟ್ಟಿಯಾಗಿ ಹೇಳಿಬಿಡಿ. ಆಮೇಲೆ ಈ ಪ್ರಕಾರ ಬರೆಯಿರಿ:

6ಕ್ಕೆ: ಸರಿಯಾದರೆ +0.18, ತಪ್ಪಾದರೆ −0.22
7ಕ್ಕೆ: +0.34, −0.51
8ಕ್ಕೆ: +0.47, −0.92
9ಕ್ಕೆ: +0.59, −1.61
9.5ಕ್ಕೆ: +0.64, −2.30
9.9ಕ್ಕೆ: +0.68, −3.91

ಈ ಅಂಕಿಗಳು ಬರುವುದು ಹೀಗೆ. ಅಣುವಿಗೆ ಕೊನೆಗೆ ಸಿಕ್ಕ ಜಾಗವನ್ನು ಮೊದಲಿದ್ದ 5 ಮನೆಯಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆಯಿರಿ. ಗೋಡೆ 8ಕ್ಕೆ ಹೋಗಿ ನಿಮ್ಮ ನಂಬಿಕೆ ಸರಿಯಾಗಿದ್ದರೆ ಅಣು 5ರಿಂದ 8 ಮನೆಗೆ ಹಿಗ್ಗಿತು, ಲಾಭ. ತಪ್ಪಾಗಿದ್ದರೆ ಅಣು ಆಚೆ ಬದಿಯಲ್ಲಿದೆ, ನೀವು ಅದನ್ನು 5ರಿಂದ 2 ಮನೆಗೆ ಒತ್ತಿಬಿಟ್ಟಿರಿ, ಕೈಯಿಂದ ಕಳೆದಿರಿ. ಪಟ್ಟಿಯಲ್ಲಿ 10 ಇಲ್ಲ, ನೋಡಿದಿರಾ? ತಪ್ಪಾದಾಗ ಅಣುವಿಗೆ ನಿಲ್ಲಲು ಜಾಗವೇ ಉಳಿಯುವುದಿಲ್ಲ, ನಷ್ಟಕ್ಕೆ ಕೊನೆಯೇ ಇಲ್ಲ.

ಅವತ್ತು ಅಪ್ಪ ಕಂಬಕ್ಕೆ ಒರಗಿ ಕವಳ ಹಾಕುತ್ತಾ ನಮ್ಮ ಆಟ ನೋಡುತ್ತಿದ್ದರು. ಅಣ್ಣನ ಮಗ ಪ್ರತಿ ಸಲ 9.9 ಅನ್ನುತ್ತಿದ್ದ. ಲಾಭ ಜಾಸ್ತಿ ಇದೆಯಲ್ಲ ಅಂತ. ಅಪ್ಪ ಹೇಳಿದರು, "ತಮ್ಮಾ, ಹಲಗೆ ಎಲ್ಲಾ ಒಂದೇ ಸಲ ಎತ್ತಬೇಡ."

ನಮ್ಮದು ಅಘನಾಶಿನಿ ದಡದ ಗಜನಿ ಭೂಮಿ. ಉಪ್ಪು ನೀರು ತಡೆಯಲು ಕಟ್ಟೆ, ಕಟ್ಟೆಯಲ್ಲಿ ಸೀಳಿನೊಳಗೆ ಒಂದರ ಮೇಲೊಂದು ಇಳಿಸುವ ಹಲಗೆಗಳ ಬಾಗಿಲು. ಮಳೆಗಾಲದಲ್ಲಿ ಕಗ್ಗ ಭತ್ತ ನಿಂತಿರುವಾಗ, ಹೊಳೆ ಇಳಿತದಲ್ಲಿದ್ದರೆ ಹಲಗೆ ತೆಗೆದು ಗದ್ದೆಯ ನೀರು ಹೊರಬಿಡುವುದು, ಭರತ ಬರುವ ಮೊದಲು ಹಾಕುವುದು. ಅಪ್ಪ ಅದನ್ನು ವರ್ಷಗಟ್ಟಲೆ ನೋಡಿಕೊಂಡವರು. ಕತ್ತಲಲ್ಲಿ ನೀರಿನ ಸದ್ದು ಕೇಳಿಯೇ ಭರತವೋ ಇಳಿತವೋ ಹೇಳುತ್ತಿದ್ದರು, ಹೆಚ್ಚಾಗಿ ಸರಿಯೇ ಇರುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ಜೋರು ಮಳೆ, ಸದ್ದು ತಪ್ಪಾಗಿ ಕೇಳಿತು. ಇಳಿತ ಅಂತ ನಂಬಿ ಎಲ್ಲ ಹಲಗೆ ಎತ್ತಿದರು. ಹೊಳೆ ಏರುತ್ತಿತ್ತು. ನುಗ್ಗುವ ನೀರಿಗೆ ಎದುರಾಗಿ ಹಲಗೆ ಮತ್ತೆ ಇಳಿಸಲು ಇಬ್ಬರು ಸೇರಿದರೂ ಆಗಲಿಲ್ಲ. ಬೆಳಗಾಗುವಾಗ ಎಳೆ ಪೈರಿನ ಮೇಲೆ ಉಪ್ಪು ನೀರು ಮೊಣಕಾಲ ತನಕ ನಿಂತಿತ್ತು. ಕಗ್ಗ ಉಪ್ಪು ತಡೆಯುವ ಭತ್ತ ನಿಜ, ಆದರೂ ಆ ವರ್ಷ ಅರ್ಧ ಗದ್ದೆ ಹೋಯಿತು. ಅಲ್ಲಿಂದ ಮೇಲೆ ಅಪ್ಪ ಕಿವಿಯ ಮೇಲೆ ಎಷ್ಟು ಭರವಸೆಯೋ ಅಷ್ಟೇ ಹಲಗೆ ಎತ್ತಿದರು. ಬೆಳದಿಂಗಳಿದ್ದು ನೀರು ಕಣ್ಣಿಗೆ ಕಂಡರೆ ನಾಲ್ಕು. ಬರೀ ಸದ್ದಾದರೆ ಎರಡು.

ಕರಟದ ಆಟದಲ್ಲೂ ಅದೇ. ಹತ್ತು ಸುತ್ತಿನಲ್ಲಿ ಒಂದು ಸುಳ್ಳು ಬಂತು ಅಂತ ಇಟ್ಟುಕೊಂಡು ನೀವೇ ಕೂಡಿಸಿ ನೋಡಿ. ಪ್ರತಿ ಸಲ 6ಕ್ಕೆ ನಿಲ್ಲಿಸಿದವರಿಗೆ ಒಟ್ಟು 1.4 ಸಿಗುತ್ತದೆ. 7ಕ್ಕೆ 2.5. 8ಕ್ಕೆ 3.3. 9ಕ್ಕೆ 3.7. 9.5ಕ್ಕೆ 3.5. 9.9 ಅಂದವರಿಗೆ 2.2 ಮಾತ್ರ. ನಂಬಿಕೆ ಹತ್ತಕ್ಕೆ ಒಂಬತ್ತು, ಗೋಡೆಗೆ ಅತಿ ಒಳ್ಳೆಯ ಜಾಗವೂ ಒಂಬತ್ತನೇ ಮನೆ. ಇದು ಆಕಸ್ಮಿಕ ಅಲ್ಲ. ಗೋಡೆ 9ರಲ್ಲಿ ನಿಂತಾಗ ನೀವು ನಂಬಿದ ಬದಿಗೆ ಪೆಟ್ಟಿಗೆಯ ಹತ್ತರಲ್ಲಿ ಒಂಬತ್ತು ಪಾಲು ಜಾಗ ಇದೆ, ಅಣು ಅಲ್ಲಿರುವ ಸಂಭವವೂ ಅಷ್ಟೇ. ಈಗ ಗೋಡೆ ಎತ್ತಿ ತೆಗೆದರೂ ಏನೂ ಬದಲಾಗುವುದಿಲ್ಲ, ಗೋಡೆ ಇಲ್ಲದ ಪೆಟ್ಟಿಗೆಯಲ್ಲೂ ಅಣು ಅದೇ ಪ್ರಮಾಣದಲ್ಲಿ ಅಲ್ಲಿರುತ್ತಿತ್ತು. ಸುದ್ದಿಯಲ್ಲಿದ್ದ ಸತ್ವ ಅಷ್ಟೂ ಕೆಲಸವಾಗಿ ಬಂದಿದೆ. 7ಕ್ಕೇ ನಿಲ್ಲಿಸಿ ಗೋಡೆ ತೆಗೆದರೆ ಅಣು ಸುಮ್ನೆ ಹರಡಿಕೊಳ್ಳುತ್ತದೆ, ಉಳಿದದ್ದು ಪೋಲು.

ಪಕ್ಕಾ ಲೆಕ್ಕ ಹಾಕಿದರೆ 9ರಲ್ಲಿ ಒಂದು ಸುತ್ತಿಗೆ ಸರಾಸರಿ 0.368 ಕೆಟಿ. ಈ 0.368ಕ್ಕೆ ಒಂದು ಹೆಸರಿದೆ, ಮ್ಯೂಚುವಲ್ ಇನ್ಫರ್ಮೇಶನ್. ಕರಟದ ಕೆಳಗಿನ ಸತ್ಯ, ಪಾಟಿಯ ಮೇಲಿನ ಅಕ್ಷರ, ಇವೆರಡರ ನಡುವೆ ಎಷ್ಟು ನಂಟಿದೆ ಅನ್ನುವ ಅಳತೆ ಅದು. ಸುದ್ದಿ ಪೂರ್ತಿ ನಿಜವಾದರೆ 0.69, ನಾಣ್ಯ ಹಾರಿಸಿದ ಹಾಗೆ ಬಾಯಿಗೆ ಬಂದದ್ದು ಹೇಳಿದರೆ ಸೊನ್ನೆ. ಜಪಾನಿನ ಸಗಾವಾ ಮತ್ತು ಉಯೇಡಾ 2008ರಲ್ಲಿ ಇದನ್ನು ಎಲ್ಲ ಫೀಡ್‌ಬ್ಯಾಕ್ ಯಂತ್ರಗಳಿಗೂ, ಅಂದರೆ ನೋಡಿ ಅದಕ್ಕೆ ತಕ್ಕ ಹಾಗೆ ನಡೆಯುವ ಯಂತ್ರಗಳಿಗೂ, ಅನ್ವಯಿಸುವ ನಿಯಮವಾಗಿ ಬರೆದರು: ತೆಗೆಯಬಹುದಾದ ಕೆಲಸ, ಮುಕ್ತ ಶಕ್ತಿಯಲ್ಲಿ (ಅಂದರೆ ಕೆಲಸವಾಗಿ ತೆಗೆಯಬಲ್ಲ ಶಕ್ತಿಯಲ್ಲಿ) ಇಳಿದದ್ದು ಮತ್ತು ಕೆಟಿ ಗುಣಿಸು ಈ ನಂಟು, ಇವೆರಡರ ಮೊತ್ತವನ್ನು ಮೀರುವುದಿಲ್ಲ.

ಆಡುವಾಗ ನಿಮ್ಮ ಅಂಕಿ ಇದಕ್ಕೆ ಹೊಂದದಿದ್ದರೆ ಹೆದರಬೇಡಿ. ನಾವು 20 ಸುತ್ತು 9ರಲ್ಲಿ ಆಡಿದಾಗ ಕೆಂಪು ಚೀಟಿ ಮೂರು ಸಲ ಬಂತು, ಒಟ್ಟು 5.20 ಸಿಕ್ಕಿತು. ಬರಬೇಕಾದದ್ದು 7.4ರ ಹತ್ತಿರ. ನಿಯಮ ಹೇಳುವುದು ಸರಾಸರಿಯನ್ನು, ಒಂದು ಸಂಜೆಯ ಅದೃಷ್ಟವನ್ನಲ್ಲ. ನೂರು ಸುತ್ತು ಆಡಿ. ಮಳೆಗಾಲದಲ್ಲಿ ಹೊತ್ತಿಗೇನು ಬರ?

ಈಗ ಪಾಟಿ. ಪ್ರತಿ ಸಲ ಒರೆಸಲು 0.69 ಕೊಟ್ಟರೆ ಹತ್ತು ಸುತ್ತಿಗೆ ಗಳಿಕೆ 3.68, ಖರ್ಚು 6.93, ನಷ್ಟ 3.25. ಸುದ್ದಿ ಪೂರ್ತಿ ನಿಜ ಇದ್ದಾಗ ಸೊನ್ನೆಗೆ ನಿಂತ ಲೆಕ್ಕ ಇಲ್ಲಿ ಯಾಕೆ ಕೆಳಗಿಳಿಯಿತು? ಪಾಟಿಯ ಮೇಲಿನ ಅಕ್ಷರದಲ್ಲಿ ಅಡಿಕೆಯ ಸುದ್ದಿ ಮಾತ್ರ ಇಲ್ಲ, ಚೀಟಿಯ ಗೊಂದಲವೂ ಸೇರಿಕೊಂಡಿದೆ. ಎರಡನ್ನೂ ಒರೆಸಲು ಕಾಸು ಕೊಟ್ಟಿದ್ದೇವೆ. ಬಹಳ ನಾಜೂಕಾಗಿ ಮಾಡಿದ ಉಪಕರಣವಾದರೆ ಆ ಗೊಂದಲ ಪಾಟಿಗೆ ಸೇರುವ ಹೊತ್ತಿಗೇ ಅದರಿಂದ ಸ್ವಲ್ಪ ವಾಪಸ್ ಪಡೆಯಬಹುದು. ಅದಕ್ಕೇ ಸಗಾವಾ ಮತ್ತು ಉಯೇಡಾ 2009ರಲ್ಲಿ ಅಳೆಯುವ ಖರ್ಚು, ಅಳಿಸುವ ಖರ್ಚು ಎರಡನ್ನೂ ಕೂಡಿಸಿಯೇ ನಿಯಮ ಬರೆದರು: ಎರಡೂ ಸೇರಿ ಕಡಿಮೆ ಅಂದರೂ ಕೆಟಿ ಗುಣಿಸು ಆ ನಂಟಿನಷ್ಟು. ನಮ್ಮ ಒದ್ದೆ ಬಟ್ಟೆ ಅಷ್ಟು ನಾಜೂಕಲ್ಲ, ಆದ್ದರಿಂದ 3.25 ಹೋಯಿತು.

ಮಕ್ಕಳು ಯಾವಾಗಲೂ ಕೇಳುವ ಎರಡು ಪ್ರಶ್ನೆ ಇವೆ. ಒಂದು, "ಅಕ್ಕೋರೆ, ನೋಡುವವರು ಯಾಕೆ ಬೇಕು? ಒಂದೇ ಕಡೆ ತೆರೆಯುವ ಸ್ಪ್ರಿಂಗ್ ಬಾಗಿಲು ಇಟ್ಟರಾಯ್ತಲ್ಲ?" ಒಳ್ಳೆ ಪ್ರಶ್ನೆ. 1912ರಲ್ಲಿ ಸ್ಮೊಲುಕೋವ್ಸ್ಕಿ ಇದಕ್ಕೆ ಉತ್ತರ ಕೊಟ್ಟಿದ್ದ. ಒಂದು ಅಣು ತಾಗಿದರೆ ತೆರೆಯುವಷ್ಟು ಹಗುರ ಬಾಗಿಲು ಆ ಬಿಸಿಯಲ್ಲಿ ತಾನೇ ನಡುಗುತ್ತಿರುತ್ತದೆ. ತನ್ನಷ್ಟಕ್ಕೆ ತೆರೆದು ಮುಚ್ಚಿ, ಎರಡೂ ಕಡೆ ಸಮ ಬಿಡುತ್ತದೆ.

ಇನ್ನೊಂದು ಪ್ರಶ್ನೆ, ಗಜನಿ ಬಾಗಿಲ ಮೇಲೆ ಕೂತ ಅಜ್ಜನೂ ಮ್ಯಾಕ್ಸ್‌ವೆಲ್ ಕಾವಲುಗಾರನೇ ಅಲ್ವಾ ಅನ್ನುವುದು. ಅಲ್ಲ. ಇದನ್ನು ಸ್ಪಷ್ಟ ಮಾಡಿಯೇ ಮುಂದೆ ಹೋಗಿ. ಹೊಳೆ ಏರಿ ಇಳಿಯುವುದು ಚಂದ್ರ ಸೂರ್ಯರ ಸೆಳೆತದಿಂದ. ನೀರಿನ ಮಟ್ಟದ ವ್ಯತ್ಯಾಸ ಮೊದಲೇ ಇದೆ, ಅದರಲ್ಲಿ ಶಕ್ತಿ ಮೊದಲೇ ಇದೆ, ಬಾಗಿಲು ಅದಕ್ಕೆ ದಾರಿ ಕೊಡುತ್ತದೆ ಅಷ್ಟೇ. ಅಲ್ಲಿ ತಾನೇ ಮುಚ್ಚಿಕೊಳ್ಳುವ ಬಾಗಿಲಿಟ್ಟರೂ ಕೆಲಸ ನಡೆಯುತ್ತದೆ. ಸಿಲಾರ್ಡ್ ಪೆಟ್ಟಿಗೆಯಲ್ಲಿ ಮೊದಲು ಯಾವ ವ್ಯತ್ಯಾಸವೂ ಇಲ್ಲ. ಎಡ ಬಲ ಎರಡೂ ಒಂದೇ, ಅಣು ಎಲ್ಲಿದೆ ಅನ್ನುವ ತಿಳಿವಳಿಕೆ ಒಂದೇ ಬಂಡವಾಳ. ಅಪ್ಪನಿಂದ ನಾನು ತೆಗೆದುಕೊಂಡದ್ದು ತೀರ್ಮಾನ ಮಾಡುವ ರೀತಿಯನ್ನು ಮಾತ್ರ. ಅಳತೆಯೂ ಎಲ್ಲಿಂದೆಲ್ಲಿಗೆ! ಒಂದು ಗಿಗಾಬೈಟ್ ನೆನಪು ಅಳಿಸಲು ಬೇಕಾದ ಕನಿಷ್ಠ ಶಕ್ತಿ, ಒಂದು ಅಕ್ಕಿ ಕಾಳನ್ನು 1 ಸೆಂಟಿಮೀಟರ್ ಎತ್ತುವ ಶಕ್ತಿಯ ಸುಮಾರು 80 ಸಾವಿರದಲ್ಲಿ ಒಂದು ಪಾಲು. ನಮ್ಮ ಮೊಬೈಲ್ ಬಿಸಿಯಾಗುವುದು ಈ ಕನಿಷ್ಠದಿಂದ ಅಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಪೋಲು ಮಾಡುವುದರಿಂದ.

ಇಷ್ಟು ಸಣ್ಣದನ್ನು ಅಳೆದವರಿದ್ದಾರೆ ಅನ್ನುವುದೇ ನನಗೆ ಈಗಲೂ ಮೈ ಜುಮ್ಮೆನ್ನಿಸುತ್ತದೆ. 2010ರಲ್ಲಿ ಟೊಯಾಬೆ ಮತ್ತು ಸಂಗಡಿಗರು ನೀರಿನಲ್ಲಿ ನಡುಗುವ ಪುಟ್ಟ ಪ್ಲಾಸ್ಟಿಕ್ ಮಣಿಗಳನ್ನು ಕ್ಯಾಮೆರಾದಲ್ಲಿ ನೋಡುತ್ತಾ, ಅವು ತಾವಾಗಿ ಒಂದು ಮೆಟ್ಟಿಲು ಮೇಲೆ ಜಿಗಿದಾಗಲೆಲ್ಲ ಹಿಂದೆ ತಡೆ ಇಟ್ಟರು. ಮಣಿಗಳು ಮೆಟ್ಟಿಲು ಹತ್ತಿದವು. ಮಾಹಿತಿಯ 28% ಭಾಗ ಶಕ್ತಿಯಾಗಿ ಬಂದಿತ್ತು. 2012ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಬೆರೂ ಮತ್ತು ಸಂಗಡಿಗರು ಲೇಸರ್ ಬೆಳಕಿನ ಎರಡು ಗುಳಿಗಳ ನಡುವೆ ಒಂದು ಗಾಜಿನ ಮಣಿ ಇಟ್ಟು, ಆ ಒಂದು ಬಿಟ್ ಅಳಿಸುವಾಗ ಹೊರಬಂದ ಬಿಸಿಯನ್ನು ಅಳೆದರು. ನಿಧಾನ ಮಾಡಿದಷ್ಟೂ ಖರ್ಚು ಲ್ಯಾಂಡವರ್ ಹೇಳಿದ ಅಂಕಿಗೆ ಹತ್ತಿರ ಬಂತು. ಗೋಡೆ ದೂಡುವುದಕ್ಕೂ ಅದೇ ಮಾತು: ಈ ಆಟದ ಅಂಕಿಗಳೆಲ್ಲ ಗೋಡೆ ಬಹಳ ನಿಧಾನಕ್ಕೆ ಸರಿದರೆ ಮಾತ್ರ ಸರಿ. ಬೇಗ ಎಳೆದರೆ ಗಳಿಕೆ ಕಡಿಮೆ.

ಸುದ್ದಿ ಹಳಸುವುದನ್ನೂ ಆಡಿ ನೋಡಬಹುದು. ಪಾಟಿಯಲ್ಲಿ ಬರೆದಾದ ಮೇಲೆ, ಗೋಡೆ ಸರಿಯುವ ಮೊದಲು, ಎದುರಿನವರು ಇನ್ನೊಂದು ಚೀಟಿ ಎತ್ತಲಿ. ಕೆಂಪು ಬಂದರೆ ಅಡಿಕೆ ಆಚೆ ಕರಟಕ್ಕೆ. ಗೋಡೆಯಲ್ಲಿ ಸಣ್ಣ ತೂತಿದ್ದು ಅಣು ನುಸುಳಿತು ಅಂದುಕೊಳ್ಳಿ. ಈಗ ನಿಮ್ಮ ಸುದ್ದಿ ನೂರರಲ್ಲಿ 82 ಸಲ ಮಾತ್ರ ಸರಿ. ಎರಡು ಸಲ ಕೆಂಪು ಬಂದರೆ ಸುಳ್ಳು ಸೇರಿ ನಿಜವಾಗಿಬಿಡುತ್ತದೆ, ಅದಕ್ಕೇ 81ರ ಮೇಲೆ ಒಂದು ಜಾಸ್ತಿ. ಗೋಡೆಯನ್ನು 8.2ಕ್ಕೆ ನಿಲ್ಲಿಸಬೇಕು, ಗಳಿಕೆ ಸುತ್ತಿಗೆ 0.368ರಿಂದ 0.222ಕ್ಕೆ ಇಳಿಯುತ್ತದೆ. ನೋಡಿದ್ದು ಸರಿ ಇದ್ದರೂ ತಡ ಮಾಡಿದ್ದಕ್ಕೆ ಇಷ್ಟು ದಂಡ.

ಆಮೇಲೆ ಹತ್ತರಲ್ಲಿ ಒಂಬತ್ತು ಚೀಟಿಗೂ ಕುಂಕುಮ ಹಚ್ಚಿ ಆಡಿ. ಎದುರಿನವರು ಹೆಚ್ಚು ಪಾಲು ಸುಳ್ಳೇ ಹೇಳುತ್ತಾರೆ. ಗಳಿಕೆ ಎಷ್ಟು ಅಂತ ಮೊದಲೇ ಊಹಿಸಿ ಬರೆದಿಟ್ಟುಕೊಳ್ಳಿ. ಅಣ್ಣನ ಮಗ ಸೊನ್ನೆ ಅಂದ. ಹೇಳಿದ್ದಕ್ಕೆ ತಿರುಗಿಸಿ ನಡೆದುಕೊಂಡರೆ ಸಿಗುವುದು ಮತ್ತೆ ಅದೇ 0.368. ಗಳಿಕೆ ಸೊನ್ನೆಯಾಗುವುದು ಐದು ಕೆಂಪು, ಐದು ಖಾಲಿ ಇದ್ದಾಗ ಮಾತ್ರ. ಆದರೆ ತಿರುಗಿಸಬೇಕು ಅಂತ ನಿಮಗೆ ಗೊತ್ತಿರಬೇಕಲ್ಲ. ಹಾಗಾಗಿ ಲೋಟದಲ್ಲಿ ಎಷ್ಟು ಕೆಂಪಿದೆ ಅಂತ ತಿಳಿಯದಿದ್ದರೆ, ಗೋಡೆ ಮುಟ್ಟದೆ ಮೊದಲು 50 ಸುತ್ತು ಬರೀ ಸುದ್ದಿ ಕೇಳಿ, ಕರಟ ಎತ್ತಿ, ಎಷ್ಟು ತಪ್ಪು ಅಂತ ಎಣಿಸಿ. ಆಮೇಲೆ ಗೋಡೆಗೆ ಕೈ ಹಾಕಿ.

ನಿಮ್ಮ ಲೆಕ್ಕ ಸರಿ ನೋಡಿಕೊಳ್ಳಲು ಇನ್ನೊಂದು ಅಂಕಿ ಕೊಡುತ್ತೇನೆ. ಎರಡು ಕೆಂಪು ಚೀಟಿ ಇಟ್ಟು, ಗೋಡೆ 8ಕ್ಕೆ ನಿಲ್ಲಿಸಿ ನೂರು ಸುತ್ತು ಆಡಿದರೆ ಜಮೆ 19ರ ಆಸುಪಾಸು ಬರಬೇಕು, ಪಾಟಿ ಒರೆಸಿದ ಖರ್ಚು 69. ಕೊನೆಯ ಸುತ್ತು ಮುಗಿದ ಮೇಲೂ ಪಾಟಿ ಒರೆಸಿಯೇ ಒಳಗಿಡಿ, ಆ 0.69 ಬರೆದುಕೊಳ್ಳಲು ಮರೆಯಬೇಡಿ.